ಸುನಂದಮ್ಮನ ಹೆಸರಿನ ಕೋವಿ

ಸುನಂದಮ್ಮನ ಹೆಸರಿನಲ್ಲಿ ಇದ್ದದ್ದು ಎರಡೇ ವಸ್ತು. ಒಂದು ಗ್ಯಾಸ್ ಕನೆಕ್ಷನ್ನು, ಇನ್ನೊಂದು ಕೋವಿ. ಹೊಲ ಗಂಡನದು, ಮನೆ ಗಂಡನದು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನು, ಟ್ರ್ಯಾಕ್ಟರು, ಹಿತ್ತಲಿನ ತೆಂಗಿನಮರಗಳು ಕೂಡ ಗಂಡನವೇ. ಗ್ಯಾಸನ್ನು ಹೆಂಗಸರ ಹೆಸರಿಗೇ ಕೊಡುತ್ತಾರೆ ಎಂಬ ಕಾರಣಕ್ಕೆ ಅದು ಅವಳಿಗೆ ಬಂತು. ಕೋವಿ ಬಂದದ್ದು ಅದಕ್ಕಿಂತ ನಾಚಿಕೆಗೇಡಿನ ಕಾರಣಕ್ಕೆ.

ಅವಳ ಗಂಡ ದೇವರಾಜುವಿಗೆ ಹಳೆಯ ಕೋವಿಗಳ ಹುಚ್ಚು. ಪಿರಿಯಾಪಟ್ಟಣದ ಆಸುಪಾಸಿನಲ್ಲಿ ಬೆಳೆ ಕಾಯಲು ಕೋವಿ ಇಟ್ಟುಕೊಂಡ ಮನೆಗಳು ಬೇಕಾದಷ್ಟಿವೆ. ಅವರು ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದನ್ನು ಕೆಳಗಿಳಿಸಿ ಕುಂಕುಮ ಹಚ್ಚುತ್ತಾರೆ, ಎಲೆಕ್ಷನ್ ಬಂದಾಗ ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಾರೆ, ಮಿಕ್ಕ ದಿನ ಮರೆತಿರುತ್ತಾರೆ. ದೇವರಾಜು ಆ ಪೈಕಿಯಲ್ಲ. ಅವನಿಗೆ ಬೇಕಾದದ್ದು ಹಳೆಯ ಕಾಲದ, ಸಣ್ಣ ಗುಂಡಿನ ರೈಫಲ್ಲುಗಳು. ಪ್ರತಿ ಸಲವೂ ಬೋಲ್ಟನ್ನು, ಗುಂಡನ್ನು ನಳಿಗೆಯೊಳಗೆ ಕೂರಿಸುವ ಕಬ್ಬಿಣದ ಅಗುಳಿಯನ್ನು, ಕೈಯಿಂದ ಹಿಂದಕ್ಕೆ ಎಳೆದು, ಮುಂದಕ್ಕೆ ತಳ್ಳಿ, ಕೆಳಕ್ಕೆ ಮಡಚಬೇಕು, ಅಂಥವು. ಆ ಬೋಲ್ಟು ಕೂರುವ ಸದ್ದು ಕೇಳಿದರೆ ಅವನ ಮುಖದಲ್ಲಿ ಬರುವ ಕಳೆ, ಮಗಳು ಹುಟ್ಟಿದ ದಿನವೂ ಬಂದಿರಲಿಲ್ಲ.

ಅಜ್ಜನ ಕಾಲದ್ದು ಒಂದಿತ್ತು. ಹುಣಸೂರಿನ ನಿವೃತ್ತ ಡಾಕ್ಟರೊಬ್ಬರ ಮನೆಯಿಂದ ಇನ್ನೊಂದನ್ನು ಕಾಡಿ ಬೇಡಿ ತಂದಿದ್ದ. ಕೊಡಗಿನ ಗಡಿಯ ಕಾಫಿ ತೋಟದ ಮನೆಯೊಂದರಲ್ಲಿ ಜೆಕ್ ದೇಶದ ಹಳೆಯ ಬ್ರುನೋ ರೈಫಲ್ಲನ್ನು ನೋಡಿ ಬಂದ ಮೇಲೆ ಅವನಿಗೆ ಊಟ ರುಚಿಸದಾಯಿತು. ಆದರೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದು ಎಂದು ಕಾನೂನು ಬಂದು ಕೂತಿತ್ತು. ದೇವರಾಜು ಕೆಲವು ದಿನ ಸರ್ಕಾರವನ್ನು ಬೈದ. ಆಮೇಲೆ ಒಂದು ಸಂಜೆ ಮುದ್ದೆ ಮುರಿಯುತ್ತಾ ಹೆಂಡತಿಯ ಮುಖ ನೋಡಿದ. ಮನೆಯಲ್ಲಿ ಇನ್ನೊಂದು ಹೆಸರು ಸುಮ್ಮನೆ ಬಿದ್ದಿದೆಯಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಹಾಗೆ ಸುನಂದಮ್ಮ ಪಿರಿಯಾಪಟ್ಟಣದ ಸ್ಟುಡಿಯೋದಲ್ಲಿ ಫೋಟೊ ತೆಗೆಸಿಕೊಂಡಳು. ತರಬೇತಿ ಎಂದು ಮೈಸೂರಿಗೆ ಕರೆದೊಯ್ದು, ಕಿವಿಗೆ ಹತ್ತಿ ತುರುಕಿ, ರಟ್ಟಿನ ಹಲಗೆಯ ಕಡೆಗೆ ಗುಂಡು ಹಾರಿಸಿದ್ದೂ ಆಯಿತು. ಗುಂಡು ಎಲ್ಲಿಗೆ ಹೋಯಿತೆಂದು ಅವಳೂ ಕೇಳಲಿಲ್ಲ, ಕಲಿಸಿದವರೂ ಹೇಳಲಿಲ್ಲ. ವಿಚಾರಣೆಗೆ ಬಂದ ಪೊಲೀಸಿನವನು, "ನಿಮಗ್ಯಾಕಮ್ಮ ಕೋವಿ?" ಎಂದು ಕೇಳಿದಾಗ ಗಂಡ ಬಾಯಿಪಾಠ ಮಾಡಿಸಿದ್ದನ್ನು ಒಪ್ಪಿಸಿದಳು.

"ಹಂದಿ ಕಾಟ ಸಾರ್. ಶುಂಠಿ, ಜ್ವಾಳ ಏನೂ ಉಳಿಸಾಕಿಲ್ಲ."

ಪೊಲೀಸಿನವನು ನಕ್ಕು ಕಾಫಿ ಕುಡಿದು ಹೋದ. ಬ್ರುನೋ ಕೋವಿ ಮನೆಗೆ ಬಂತು. ಹಂದಿಗಳೂ ಎಂದಿನಂತೆ ಬಂದವು. ಆ ಸಣ್ಣ ಗುಂಡು ಹಂದಿಯ ಚರ್ಮಕ್ಕೆ ಸೊಳ್ಳೆ ಕಚ್ಚಿದ ಹಾಗೆ ಎಂದು ದೇವರಾಜುವೇ ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ. ಶುಂಠಿ ಪಾತಿಯನ್ನು ಹಂದಿ ಉತ್ತು ಹಾಕಿದ ಬೆಳಿಗ್ಗೆಯೂ ಅವನು ಜಗಲಿಯ ಮೇಲೆ ಕೂತು ನಳಿಗೆಗೆ ಎಣ್ಣೆ ಹಚ್ಚುತ್ತಿದ್ದ.

ಎಣ್ಣೆ! ಸುನಂದಮ್ಮನಿಗೆ ಮೊದಲು ಹೇಸಿಗೆ ಹುಟ್ಟಿಸಿದ್ದೇ ಆ ಎಣ್ಣೆಯ ವಾಸನೆ. ಅದು ದಿಂಬಿನಲ್ಲಿತ್ತು, ಟವೆಲಿನಲ್ಲಿತ್ತು, ಗಂಡನ ಬೆರಳಲ್ಲಿತ್ತು. ಕೋವಿಯೂ ಬೋಲ್ಟೂ ಒಂದೇ ಕಡೆ ಇರಬಾರದು, ಬೋಲ್ಟಿಗೆ ತೇವ ತಾಗಬಾರದು ಎಂದು ಅವನು ಎಲ್ಲೋ ಓದಿದ್ದ. ಅಕ್ಕಿ ತೇವವನ್ನು ಹೀರುತ್ತದೆ ಎಂದು ಬೋಲ್ಟುಗಳನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಅವಳ ಅಕ್ಕಿ ಡ್ರಮ್ಮಿನಲ್ಲಿ ಹೂತಿಡುತ್ತಿದ್ದ. ಮೈಸೂರಿನಲ್ಲಿ ಓದುವ ಮಗಳು ಚೈತ್ರ ರಜೆಗೆ ಬಂದಾಗ ತಟ್ಟೆ ಮೂಸಿ, "ಅಮ್ಮಾ, ಅನ್ನ ಗ್ಯಾರೇಜ್ ವಾಸನೆ ಹೊಡೀತಿದೆ" ಎಂದು ಪಕ್ಕಕ್ಕೆ ಸರಿಸಿದ್ದಳು. ಬೋಲ್ಟು ಸುತ್ತಲು ಬೇಕಾದ ಬಟ್ಟೆ ಸುನಂದಮ್ಮನ ಹಳೆಯ ಒಳಲಂಗಗಳದ್ದು. ಹತ್ತಿ ಬಟ್ಟೆ ಮೆತ್ತಗಿರುತ್ತದೆ ಎಂದು ಅವಳನ್ನು ಕೇಳದೆಯೇ ಹರಿದುಕೊಂಡಿದ್ದ. ಬ್ರುನೋದ ಬೋಲ್ಟು ಹಸಿರು ಲಂಗದ ತುಂಡಿನಲ್ಲಿತ್ತು. ಆ ತುಂಡನ್ನು ಅವನು ಗೆಳೆಯರ ಮುಂದೆ ಕೊಡವುವಾಗ ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಆ ಗೆಳೆಯರೂ ಅಂಥವರೇ. ಕೆ.ಆರ್. ನಗರದ ಕಾಂತರಾಜುವಿಗೆ ಚುಂಚನಕಟ್ಟೆಯ ಕಡೆ ಗದ್ದೆಯಿದೆ, ಗದ್ದೆಗಿಂತ ಹೆಚ್ಚಾಗಿ ಮಾತಿದೆ. ಹುಣಸೂರಿನ ಶಶಿಕುಮಾರನದು ಸಿಮೆಂಟು, ಕಬ್ಬಿಣದ ಅಂಗಡಿ. ಇಬ್ಬರಿಗೂ ಇದೇ ಹುಚ್ಚು. ಭಾನುವಾರ ಬಂದರೆ ಜಗಲಿಯ ಮೇಲೆ ಚಾಪೆ ಹಾಸಿ ರೈಫಲ್ಲುಗಳನ್ನು ಹಸುಗೂಸಿನಂತೆ ಮಲಗಿಸಿ ಸುತ್ತ ಕೂರುತ್ತಿದ್ದರು. ಸುನಂದಮ್ಮ ಕಾಫಿ ಲೋಟ ಇಡಲು ಬಗ್ಗಿದಾಗ ಅವಳ ಸೆರಗಿನ ತುದಿ ನಳಿಗೆಗೆ ತಗುಲಿದರೆ ದೇವರಾಜು ಹಾವು ತುಳಿದವನಂತೆ ಕೂಗುತ್ತಿದ್ದ.

"ಏಯ್, ದೂರ, ದೂರ! ಬೆವ್ರು ತಾಗ್ತದೆ. ಬೆವ್ರಲ್ಲಿ ಉಪ್ಪಿರ್ತದೆ ಕಣಮ್ಮಿ. ಉಪ್ಪು ಬಿತ್ತೋ, ತುಕ್ಕು ಇಡೀತು ಅಂತಾನೇ."

ಅವಳದೇ ಹೆಸರಿನ ಕೋವಿಗೆ ಅವಳ ಬೆವರು ಆಗಿಬರುತ್ತಿರಲಿಲ್ಲ.

"ನೋಡ್ಲಾ ಕಾಂತ," ಎಂದು ಆಮೇಲೆ ಗೆಳೆಯನ ಕಡೆ ತಿರುಗುತ್ತಿದ್ದ. "ನಳಿಗೆ ಮ್ಯಾಲಿನ ನಂಬ್ರ ನೋಡು. ಈಗ ಬೋಲ್ಟಿನ್ದು ನೋಡು. ಎರಡೂ ಒಂದೇ. ಫ್ಯಾಕ್ಟ್ರಿ ಬುಟ್ಟಾಗಿಂದ ಜೋಡಿ ಮುರಿದಿಲ್ಲ."

"ಅದ್ಕೇ ಕಣ್ಲಾ ಇದ್ಕೆ ಬೆಲೆ," ಎಂದು ಕಾಂತರಾಜು ತೊಡೆ ತಟ್ಟುತ್ತಿದ್ದ. "ಬೋಲ್ಟ್ ಕಳ್ದೋಯ್ತು ಅಂದ್ರೆ ಅದು ಕೋವಿ ಅಲ್ಲ, ಊರುಗೋಲು. ಬ್ಯಾರೆ ಬೋಲ್ಟ್ ಆಕಿದ್ರೆ ಮೂಸೋರೂ ಇರಾಕಿಲ್ಲ."

ಹೀಗೆ ಎಷ್ಟು ಹೊತ್ತು ತಾನೇ ನಂಬರು ನೋಡಿಕೊಂಡು ಕೂತಾರು? ಊಟಕ್ಕೆ ಮುಂಚೆ ಒಂದಷ್ಟು ಹೊತ್ತು ಬ್ಯಾರನ್ನಿನ ಹಿಂದೆ ಹೋಗುತ್ತಿದ್ದರು. ಮೊದಮೊದಲು ಖಾಲಿ ಡಬ್ಬ, ತೆಂಗಿನ ಚಿಪ್ಪು. ಆಮೇಲೆ ಅಳಿಲು. ಆಮೇಲೆ ಹುಣಸೆಮರಕ್ಕೆ ಜೋತುಬಿದ್ದ ಬಾವಲಿ. ಒಂದು ಸಲ ಕೆಸರಿನಲ್ಲಿ ತನ್ನ ಪಾಡಿಗೆ ನಿಂತಿದ್ದ ಕೊಕ್ಕರೆ. ಬೆಳೆಗೆ ಕೊಕ್ಕರೆ ಏನು ಮಾಡಿತ್ತು ಎಂದು ಸುನಂದಮ್ಮ ಕೇಳಿದ್ದಳು. "ಕೋವಿ ಗುರಿ ಚೆಕ್ ಮಾಡ್ದೋ ಕಣೆ," ಎಂದಿದ್ದ ಗಂಡ. ಬೆಳೆ ರಕ್ಷಣೆಗೆಂದು ಪಡೆದ ಲೈಸೆನ್ಸು, ಹಂದಿ ಮಾತ್ರ ದಿನಾ ಕೊಬ್ಬುತ್ತಿತ್ತು.

ಆ ಭಾನುವಾರ ಅವಳು ನಾಟಿಕೋಳಿ ಸಾರಿಗೆ ಖಾರ ರುಬ್ಬುತ್ತಿದ್ದಳು. ಬ್ಯಾರನ್ನಿನ ಹಿಂದಿನಿಂದ ಒಣಕಡ್ಡಿ ಮುರಿದಂತೆ ಒಂದು ಸದ್ದು ಬಂತು. ಯಾರೋ "ಅಲೆಲೆಲೆ" ಎಂದು ಕೂಗಿ ಸಿಳ್ಳೆ ಹಾಕಿದರು. ಆಮೇಲೆ ಮಾತಿಲ್ಲ. ಮೂವರೂ ಒಳಗೆ ಬಂದಾಗ ಎಂದಿನ ಗದ್ದಲವಿರಲಿಲ್ಲ. ತಲೆ ಎತ್ತದೆ ಉಂಡರು. ಶಶಿಕುಮಾರ ಎರಡನೆಯ ಮುದ್ದೆ ಬೇಡವೆಂದ, ಅದು ಹಿಂದೆಂದೂ ನಡೆದದ್ದಿಲ್ಲ. ದೇವರಾಜು ಬೋಲ್ಟನ್ನು ಅವಸರವಾಗಿ ಒರೆಸಿ ಅಕ್ಕಿ ಡ್ರಮ್ಮಿಗೆ ಹಾಕಿ ಕೈ ತೊಳೆದುಕೊಂಡ. ಕುಡಿದದ್ದು ಹೆಚ್ಚಾಗಿರಬೇಕು ಎಂದುಕೊಂಡು ಸುನಂದಮ್ಮ ತಟ್ಟೆ ಎತ್ತಿದಳು.

ಮಾರನೆಯ ಬೆಳಿಗ್ಗೆ ಮರಮ್ಮನ ಕೂಗಿಗೆ ಊರು ಎದ್ದಿತು.

ಮರಮ್ಮ ಅರಳಿಕಟ್ಟೆಯ ಪಕ್ಕದ ಮನೆಯ ಮುದುಕಿ. ಊರಿನಲ್ಲಿ ಒಂಟಿಯಾಗಿ ಅಲೆಯುತ್ತಿದ್ದ ಒಂದು ಮುದಿ ಗಂಡುಕೋತಿಗೆ ದಿನವೂ ಅವಳೇ ಬಾಳೆಹಣ್ಣು ಕೊಡುತ್ತಿದ್ದಳು. ಒಂದು ಕಿವಿ ಹರಿದ ಆ ಕೋತಿಯನ್ನು ಜನ ಗಡವಪ್ಪ ಎನ್ನುತ್ತಿದ್ದರು. ಸುನಂದಮ್ಮನಿಗೆ ಅದರ ಮೇಲೆ ಪ್ರೀತಿಯೇನೂ ಇರಲಿಲ್ಲ. ಅವಳ ಪರಂಗಿಕಾಯಿಗಳನ್ನು ಒಂದೊಂದೇ ಕಚ್ಚಿ ಎಸೆದಿತ್ತು, ಹೆಂಚು ಸರಿಸಿತ್ತು, ಸಂಡಿಗೆ ತಿಂದಿತ್ತು. ಪೊರಕೆ ಎಸೆದು ಅದರ ವಂಶವನ್ನೆಲ್ಲ ಶಪಿಸಿದ್ದಳು. ಆ ಗಡವಪ್ಪ ಈಗ ಟ್ರಾನ್ಸ್‌ಫಾರ್ಮರಿನ ಕೆಳಗೆ ಮಗ್ಗುಲಾಗಿ, ಒಂದು ಕೈಯನ್ನು ಕಂಕುಳಿಗೆ ಒತ್ತಿಕೊಂಡು ಸತ್ತು ಬಿದ್ದಿತ್ತು.

"ಕರೆಂಟು ಒಡೆದೈತೆ," ಎಂದು ಮೊದಲು ಹೇಳಿದವನು ದೇವರಾಜು.

ಹೇಳಿದ್ದೇ ತಡ ಊರಿಗೆಲ್ಲ ಅದೇ ಕಾಣಿಸಿತು. ಯಾವತ್ತೋ ತಂತಿ ಜೋತುಬಿದ್ದದ್ದು ನೆನಪಾಯಿತು. ಲೈನ್‌ಮನ್ನನ್ನು ಕರೆಸಿ ಅವನ ಜನ್ಮ ಜಾಲಾಡಿದರು. ಆ ಬಡಪಾಯಿ ತನ್ನ ತಪ್ಪೇ ಇರಬಹುದೆಂದು ನಂಬಿ ಕೋತಿಯ ಕಾಲಿಗೆ ಬಿದ್ದ. ದೇವರಾಜು ಅವನ ಭುಜ ಹಿಡಿದೆತ್ತಿ, "ಓಗ್ಲಿ ಬುಡ್ರಪ್ಪ, ಅವ್ನಾದ್ರೂ ಏನ್ಮಾಡಾನು," ಎಂದು ಸಮಾಧಾನಪಡಿಸಿದ. ಎಂಥ ದೊಡ್ಡ ಮನಸ್ಸು ಎಂದು ಜನ ಮಾತಾಡಿಕೊಂಡರು. ಕೋತಿ ಸತ್ತರೆ ಆ ಊರಿನಲ್ಲಿ ಆಂಜನೇಯನೇ ಹೋದ ಲೆಕ್ಕ, ಮನುಷ್ಯರಿಗೆ ಮಾಡುವುದನ್ನೆಲ್ಲ ಮಾಡಬೇಕು. ಖರ್ಚೆಲ್ಲ ನನ್ನದು ಎಂದು ದೇವರಾಜು ಅಲ್ಲೇ ಸಾರಿದ. ತಮಟೆಯವರಿಗೆ ಹೇಳಿಕಳಿಸಿದ್ದೂ ಅವನೇ, ಬಿದಿರು ಕಡಿಸಿದ್ದೂ ಅವನೇ.

ಅರಳಿಕಟ್ಟೆಯ ಹತ್ತಿರ ಹೆಂಗಸರು ಗಡವಪ್ಪನಿಗೆ ನೀರು ಹಾಕಿದರು. ಮರಮ್ಮ ತಲೆ ಹಿಡಿದುಕೊಂಡಳು, ಸುನಂದಮ್ಮ ಮೈಗೆ ಅರಿಶಿನ ಹಚ್ಚಿದಳು. ಕಂಕುಳಿಗೆ ಒತ್ತಿದ್ದ ಕೈ ಸೆಟೆದುಕೊಂಡಿತ್ತು. ಮೆಲ್ಲಗೆ ಬಿಡಿಸಿದಳು. ಅಲ್ಲಿ ಕೂದಲು ಗಂಟಾಗಿ ಅಂಟಿಕೊಂಡಿತ್ತು. ಕೂದಲು ಸರಿಸಿದಾಗ ಒಂದು ತೂತು ಕಂಡಿತು. ಬಟಾಣಿ ಕಾಳು ಹಿಡಿಸದಷ್ಟು ಸಣ್ಣ, ದುಂಡನೆಯ ತೂತು.

ಅವಳಿಗೆ ನಿನ್ನೆಯ ಸದ್ದು, ಸಿಳ್ಳೆ, ಶಶಿಕುಮಾರ ಬೇಡವೆಂದ ಮುದ್ದೆ ಎಲ್ಲವೂ ಒಟ್ಟಿಗೆ ಬಾಯಿಗೆ ಬಂದಂತಾಯಿತು. ಗುಂಡು ತಿಂದ ಪ್ರಾಣಿ ಒಂದು ಸಂಜೆ, ಒಂದು ರಾತ್ರಿ ಗಾಯ ಮುಚ್ಚಿಕೊಂಡು ಎಲ್ಲೆಲ್ಲಿ ತೆವಳಿತೋ. ಇವರು ಆ ಹೊತ್ತಿನಲ್ಲಿ ಕೋಳಿಯ ಮೂಳೆ ಚೀಪುತ್ತಿದ್ದರು. ಚೀಪಲು ಕೊಟ್ಟವಳು ತಾನು.

"ಏನವ್ವ ಅದು?" ಎಂದಳು ಮರಮ್ಮ, ಕಣ್ಣು ಸರಿಯಾಗಿ ಕಾಣದೆ.

ಹೇಳಿದ್ದರೆ ಊರು ಅಲ್ಲೇ ದೇವರಾಜುವನ್ನು ತಮಟೆ ಬಡಿದಂತೆ ಬಡಿಯುತ್ತಿತ್ತು. ಸುನಂದಮ್ಮನ ಬೆರಳು ತಾನಾಗಿ ಅರಿಶಿನ ತೆಗೆದು ಆ ತೂತಿಗೆ ಮೆತ್ತಿತು.

"ಏನಿಲ್ಲ ಕಣಮ್ಮ. ಗಾಯ."

ತನ್ನ ಬೆರಳಿನ ಮೇಲೇ ಅವಳಿಗೆ ಅಸಹ್ಯವಾಯಿತು. ತಲೆ ಎತ್ತಿದರೆ ಎದುರಿಗೆ ಗಂಡ, ಕೋತಿಯನ್ನು ಕೂರಿಸುವ ಬಿದಿರಿನ ಕುರ್ಚಿಗೆ ಚೆಂಡುಹೂವು ಕಟ್ಟುತ್ತಾ ನಿಂತಿದ್ದ. ಅವಳು ನೋಡಿದ್ದನ್ನು ಅವನು ನೋಡಿದ. ದಾರ ಅವನ ಕೈಯಲ್ಲೇ ನಿಂತಿತು.

ಕೋತಿಯನ್ನು ಹೂಳುವ ಗುಂಡಿಯೊಳಕ್ಕೆ ಸುರಿಯಲು ಕಲ್ಲುಪ್ಪು ತರುತ್ತೇನೆಂದು ಸುನಂದಮ್ಮ ಮನೆಗೆ ಬಂದಳು. ಅವನು ಬೆನ್ನ ಹಿಂದೆಯೇ ಬಂದು ಅಡಿಗೆಮನೆಯ ಬಾಗಿಲು ಮುಂದಕ್ಕೆ ಎಳೆದ.

"ನೋಡ್ದಾ?"

"ನೋಡ್ದೆ. ಯಾರು ಒಡೆದದ್ದು?"

"ಯಾರಾದ್ರೇನು ಈಗ? ಬೇವಿನಮರದ ತುದೀಲಿ ಕೂತಿತ್ತು. ಅಷ್ಟು ದೂರಕ್ಕೆ ತಾಕಾಕಿಲ್ಲ ಅಂದ ಕಾಂತ. ತಾಕ್ತದೆ ಅಂದೆ ನಾನು. ತಾಕ್ತು. ಅಷ್ಟೇಯ."

"ಅಷ್ಟೇಯಾ?"

"ಮತ್ತಿನ್ನೇನು? ಬೇಕೂಂತ ಒಡೆದ್ನಾ? ನೋಡು, ಬಾಯಿ ಮುಚ್ಕಂಡಿರು. ಇವತ್ತು ಮಣ್ಣು ಮಾಡ್ಬುಟ್ರೆ ಮುಗೀತು. ಆಮ್ಯಾಕೆ ಫಾರೆಸ್ಟ್‌ನೋರು ಗೀರೆಸ್ಟ್‌ನೋರು ವಾಸನೆ ಇಡ್ಕಂಡು ಬಂದ್ರೆ, ಗುಂಡು ಬುಟ್ಟಿದ್ದು ಬ್ರುನೋದಲ್ಲಿ, ಅದು ನಿನ್ ಹೆಸ್ರಲ್ಲೈತೆ. ನಾನೇ ಒಡೆದೆ, ಹೆದರಿಸಾಕೆ ಹೋಗಿ ತಾಕ್ಬುಡ್ತು ಅನ್ನು. ಎಂಗ್ಸು ಅಂತ ಬುಟ್ಬುಡ್ತಾರೆ."

ತಮಾಷೆಗೆ ಹೇಳುತ್ತಿಲ್ಲ ಎಂದು ಅವನ ಮುಖ ನೋಡಿದ ಮೇಲೆ ಸುನಂದಮ್ಮನಿಗೆ ಖಾತ್ರಿಯಾಯಿತು.

"ನನ್ನ ಇಡ್ಕಂಡು ಓದ್ರೆ?"

"ಓಗಾಕಿಲ್ಲ ಕಣಮ್ಮಿ. ನನ್ನೆಸ್ರು ಬಂತು ಅಂದ್ಕೋ, ಇರೋ ಎರಡು ಕೋವೀನೂ ಎತ್ಕಂಡು ಓಯ್ತಾರೆ. ಅಜ್ಜಂದೂ ಓಯ್ತದೆ, ಡಾಕ್ಟ್ರುದೂ ಓಯ್ತದೆ. ಈ ಜನ್ಮದಲ್ಲಿ ಇನ್ನೊಂದು ಸಿಕ್ಕದಾ?"

ಅವನ ಕಣ್ಣಿನಲ್ಲಿ ನೀರೇ ಬಂತು. ಕೋವಿಗಳಿಗಾಗಿ. ಅವಳು ಜೈಲಿಗೆ ಹೋಗುವುದು ಅವನ ಲೆಕ್ಕದಲ್ಲಿ ಬರಲೇ ಇಲ್ಲ. ಹೊರಗೆ ಯಾರೋ ಕೂಗಿದರು, ಅವನು ಕಣ್ಣೊರೆಸಿಕೊಂಡು ಹೋದ. ಆ ಕೆಂಪು ಕಣ್ಣನ್ನು ನೋಡಿ ಜನ ಇನ್ನಷ್ಟು ಕರಗಿದರು.

ಸುನಂದಮ್ಮ ಅಕ್ಕಿ ಡ್ರಮ್ಮಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಒಂದು ಕೊಲೆ ತನ್ನ ಹೆಸರಿಗೆ ಬಂದು ಬಿದ್ದಿದೆ. ಮುಂದಿನ ಭಾನುವಾರ ಇದೇ ಕೋವಿ ಮತ್ತೆ ಬ್ಯಾರನ್ನಿನ ಹಿಂದೆ ಹೋಗುತ್ತದೆ, ಮತ್ತೆ ಏನನ್ನೋ ಉರುಳಿಸುತ್ತದೆ, ಅದೂ ತನ್ನ ಹೆಸರಿನಲ್ಲೇ. ಸ್ಟೇಷನ್ನಿಗೆ ಒಪ್ಪಿಸಿ ಬರೋಣವೆಂದರೆ, ಹೆಂಡತಿಗೆ ತಲೆ ಸರಿಯಿಲ್ಲ ಸಾರ್ ಎಂದು ನಾಲ್ಕು ಜನರಿಂದ ಹೇಳಿಸಿ ವಾಪಸು ತರುವಷ್ಟು ನಾಲಿಗೆ ಇವನಿಗಿದೆ. ಅವಳು ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಇಳಿಸಿ ತಡಕಾಡಿದಳು. ಬಿಳಿ ಬಟ್ಟೆಯ ತುಂಡು ಸಿಕ್ಕಿತು, ಬಿಟ್ಟಳು. ಹೂವಿನ ಚಿತ್ತಾರದ ತುಂಡು ಸಿಕ್ಕಿತು, ಬಿಟ್ಟಳು. ಹಸಿರು ತುಂಡನ್ನು ಎಳೆದು ತೆಗೆದಳು.

ಬಟ್ಟೆ ಬಿಚ್ಚಿದಳು. ಬೋಲ್ಟು ಕೈಬೆರಳಿಗಿಂತ ಸ್ವಲ್ಪ ದಪ್ಪ, ಒಂದು ಕಡೆ ಗುಂಡನೆಯ ಹಿಡಿ. ಇದಕ್ಕಾಗಿ ಎಷ್ಟು ಕುಣಿತ! ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ ಎಣ್ಣೆಯ ಜಿಡ್ಡೆಲ್ಲ ತೆಗೆದಳು. ಬರೀ ಕೈಯಲ್ಲಿ, ಬೆವರು ಕೈಯಲ್ಲಿ ಚೆನ್ನಾಗಿ ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಕಲ್ಲುಪ್ಪಿನ ಚೀಲದ ಬಾಯಿ ಬಿಚ್ಚಿ ಒಳಕ್ಕೆ ತುರುಕಿದಳು. ಹಸಿರು ಬಟ್ಟೆಯನ್ನು ಒಲೆಗೆ ಹಾಕಿದಳು.

ಗಡವಪ್ಪನ ಮೆರವಣಿಗೆ ಭಾರಿಯಾಗಿ ನಡೆಯಿತು. ಕೇಸರಿ ಶಲ್ಯ ಹೊದ್ದು, ಹಣೆಗೆ ಕುಂಕುಮವಿಟ್ಟುಕೊಂಡು ಕುರ್ಚಿಯಲ್ಲಿ ಕೂತ ಕೋತಿಯ ತಲೆ ಒಂದೊಂದು ಹೆಜ್ಜೆಗೂ ಓಲಾಡುತ್ತಿತ್ತು. ಕುರ್ಚಿಯ ಮುಂದಿನ ಬೊಂಬಿಗೆ ಹೆಗಲು ಕೊಟ್ಟವನು ದೇವರಾಜು. ಜನ ಮೊಬೈಲಿನಲ್ಲಿ ವಿಡಿಯೋ ಮಾಡಿದರು. ಅರಳಿಕಟ್ಟೆಯ ಪಕ್ಕದಲ್ಲಿ ತೆಗೆದ ಗುಂಡಿಯಲ್ಲಿ ಕೂರಿಸಿ, ವಿಭೂತಿ ಹಾಕಿ, "ಉಪ್ಪು, ಉಪ್ಪು" ಎಂದು ಕೂಗಿದರು. ಸುನಂದಮ್ಮ ಚೀಲವನ್ನು ತಂದು ಯಾರ ಕೈಗೂ ಕೊಡದೆ ತಾನೇ ಗುಂಡಿಯ ಅಂಚಿನಲ್ಲಿ ಬಗ್ಗಿ ಸುರಿದಳು. ತಮಟೆಯ ಸದ್ದಿನಲ್ಲಿ ಬೇರೇನೂ ಕೇಳಲಿಲ್ಲ. ಕೋತಿಯ ಮಡಿಲಿನ ಹತ್ತಿರ ಒಂದು ಸಲ ಮಿಂಚಿದ್ದು ಅವಳಿಗಷ್ಟೇ ಕಂಡಿತು. ಅದರ ಮೇಲೆ ಉಪ್ಪು, ಉಪ್ಪಿನ ಮೇಲೆ ಮಣ್ಣು.

"ಗದ್ದುಗೆ ನಾನು ಕಟ್ಟಿಸ್ತೀನಿ," ಎಂದು ದೇವರಾಜು ಮಣ್ಣಿನ ಕೈಯನ್ನು ಎದೆಗಿಟ್ಟುಕೊಂಡು ಹೇಳಿದ. "ಗಟ್ಟಿಯಾಗಿ ಕಟ್ಟಿಸ್ತೀನಿ. ಯಾರೂ ಅಲುಗಿಸ್ಬಾರ್ದು, ಅಂಗೆ."

ಅವನ ಆತುರ ಸುನಂದಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಹೂತದ್ದು ಮೇಲೆ ಬರಬಾರದು, ಅಷ್ಟೇ. ಹಾಲು ತುಪ್ಪ ಬಿಡುವ ಮುಂಚೆಯೇ ಹುಣಸೂರಿನಿಂದ ಶಶಿಕುಮಾರನ ಅಂಗಡಿಯ ಸಿಮೆಂಟು, ಕಬ್ಬಿಣ ಬಂದಿಳಿಯಿತು. ಪುಣ್ಯದ ಕೆಲಸಕ್ಕೆ ಕಾಸು ಬೇಡ ಎಂದನಂತೆ. ದೇವರಾಜು ತಾನೇ ಕರಣೆ ಹಿಡಿದು ಮೇಲೆ ಗಾರೆ ಸವರಿದ. ಊರಿನ ಬಾಗಿಲಲ್ಲಿ ಒಂದು ಫ್ಲೆಕ್ಸ್ ನಿಂತಿತು. ಮಧ್ಯದಲ್ಲಿ ಗಡವಪ್ಪ, ಪಕ್ಕದಲ್ಲಿ ಕೈಮುಗಿದ ದೇವರಾಜು, ಕೆಳಗೆ ಹೂವಿನ ಅಕ್ಷರದಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಸುನಂದಮ್ಮ ನೀರಿಗೆ ಹೋಗುವ ದಾರಿಯನ್ನೇ ಬದಲಾಯಿಸಿದಳು.

ತಿಥಿಯ ದಿನ ಊರಿಗೆಲ್ಲ ಪಾಯಸದೂಟ. ಪಂಚಾಯ್ತಿ ಮೆಂಬರ್ ಗುರುಸ್ವಾಮಿ ಮೈಕು ಹಿಡಿದು, ಮೂಕಪ್ರಾಣಿಯ ಸಂಕಟಕ್ಕೆ ಮಿಡಿಯುವ ಹೃದಯ ಎಂದೆಲ್ಲ ಹೇಳಿ ದೇವರಾಜುವಿಗೆ ಶಾಲು ಹೊದಿಸಿದ. ದೇವರಾಜು ತಲೆ ತಗ್ಗಿಸಿ ಹೊದಿಸಿಕೊಂಡ. ಕಾಂತರಾಜು ಮೊದಲ ಪಂಕ್ತಿಯಲ್ಲಿ ಕೂತು ಎರಡು ಸಲ ಪಾಯಸ ಹಾಕಿಸಿಕೊಂಡ. ಬಡಿಸಲು ಬಾ ಎಂದು ಕರೆದವರಿಗೆ ಸುನಂದಮ್ಮ ಮೈಲಿಗೆ ಎಂದು ಹೇಳಿ ದೂರ ನಿಂತಳು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟೊಂದು ಮೈಲಿಗೆ ಅವಳಿಗೆ ಹಿಂದೆಂದೂ ಆಗಿರಲಿಲ್ಲ.

ಸುದ್ದಿ ತಣ್ಣಗಾಗುವವರೆಗೆ ದೇವರಾಜು ಕೋವಿಯ ಕಪಾಟು ತೆರೆದಿರಲಿಲ್ಲ. ತಿಥಿ ಮುಗಿದ ಮೇಲಿನ ಭಾನುವಾರ ಗೆಳೆಯರಿಬ್ಬರೂ ಬಂದರು. ಚಾಪೆ ಬಿತ್ತು. ಕಾಫಿ ಬಂತು. ಮೂವರ ಮುಖದಲ್ಲೂ ಪರೀಕ್ಷೆ ಪಾಸಾದವರ ನೆಮ್ಮದಿ.

"ತಗಿಲಾ ಆ ರಾಜಕುಮಾರೀನ," ಎಂದ ಕಾಂತರಾಜು. "ಎಷ್ಟು ದಿನ ಆಯ್ತು ಕಂಡು."

ದೇವರಾಜು ಅಡಿಗೆಮನೆಗೆ ಬಂದು ಡ್ರಮ್ಮಿಗೆ ಕೈ ಹಾಕಿದ. ಬಿಳಿ ಬಟ್ಟೆ ಬಂತು, ಹೂವಿನ ಬಟ್ಟೆ ಬಂತು. ಮತ್ತೆ ಕೈ ಹಾಕಿದ. ಆಮೇಲೆ ಡ್ರಮ್ಮನ್ನೇ ಬಗ್ಗಿಸಿದ. ಅಕ್ಕಿ ನೆಲದ ತುಂಬ ಹರಡಿತು. ಅವನು ಮಂಡಿಯೂರಿ ಎರಡೂ ಕೈಯಲ್ಲಿ ಅಕ್ಕಿಯನ್ನು ಕೆದಕಿದ. ಗೆಳೆಯರಿಬ್ಬರೂ ಬಾಗಿಲಿಗೆ ಬಂದು ನಿಂತರು.

"ಲೇ, ಬ್ರುನೋ ಬೋಲ್ಟ್ ಎಲ್ಲಿ? ಹಸ್ರು ಬಟ್ಟೇದು?"

ಸುನಂದಮ್ಮ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಅದು ನನ್ ಕೋವಿ ಅಲ್ವೇನ್ರೀ. ನನ್ ಕೋವಿ ಬೋಲ್ಟು ನಾನು ಎಲ್ಲಿ ಬೇಕೋ ಅಲ್ಲಿಟ್ಟಿವ್ನಿ."

"ತಮಾಸೆ ಬ್ಯಾಡ. ಎಲ್ಲೈತೆ ಅಂತ ಏಳು."

"ಗಡವಪ್ಪನ ಮಡಿಲಲ್ಲೈತೆ. ಉಪ್ಪಿನ ಜೊತೆ ನಾನೇ ಸುರಿದೆ."

ದೇವರಾಜುವಿನ ಬೆರಳ ಸಂದಿಯಿಂದ ಅಕ್ಕಿ ಸೋರಿತು.

"ಉಪ್ಪಲ್ಲಾ?" ಎಂದ. ಅವನಿಗೆ ಮೊದಲು ಕೇಳಿಸಿದ್ದೇ ಆ ಮಾತು.

"ಉಪ್ಪಲ್ಲೇ. ಎಣ್ಣೆ ಒರೆಸಿ, ಸೋಪಾಕಿ ತೊಳೆದು ಹಾಕಿವ್ನಿ."

ಅವನು ಕೈ ಎತ್ತಿಕೊಂಡು ಎದ್ದ. ಸುನಂದಮ್ಮ ಕೂತಲ್ಲಿಂದ ಕದಲಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಒಡೀರಿ. ಒಡೆದ್ರೆ ಈಚೆಗೆ ಓಗಿ ಅಳ್ತೀನಿ, ಯಾಕೆ ಅಂತ ಮರಮ್ಮ ಕೇಳ್ತಾಳೆ, ಎಲ್ಲಾನೂ ಏಳ್ತೀನಿ. ಬೋಲ್ಟ್ ಬೇಕಾದ್ರೆ ಅಗೀರಿ, ನಾನೇನೂ ಅಡ್ಡ ಬರಾಕಿಲ್ಲ. ನೀವ್ ಒಡೆದ ಗುಂಡೂ ಅಲ್ಲೇ ಐತೆ. ಎರಡೂ ಒಂದೇ ತಾವು ಸಿಕ್ತವೆ."

ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಶಶಿಕುಮಾರ ಚಪ್ಪಲಿ ಹುಡುಕತೊಡಗಿದ. ಕಾಂತರಾಜು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಬೋಲ್ಟಿಲ್ಲ ಅಂದ್ಮೇಲೆ ಇನ್ನೇನ್ಲಾ ಅದು, ಊರುಗೋಲು," ಎಂದ. ಸತ್ತ ಮನೆಯಿಂದ ಎದ್ದು ಹೋಗುವವರಂತೆ ಇಬ್ಬರೂ ಹೇಳದೆ ಹೋದರು. ಗೆಳೆತನವೂ ನಂಬರು ಕೂಡಿದ್ದರೆ ಮಾತ್ರ.

ದೇವರಾಜು ಸಂಜೆಯವರೆಗೆ ಜಗಲಿಯ ಮೇಲೆ ಕೂತಿದ್ದ. ಆಮೇಲೆ ಕೊಟ್ಟಿಗೆಯಿಂದ ಹಾರೆ ತೆಗೆದುಕೊಂಡು ಅರಳಿಕಟ್ಟೆಯ ಕಡೆ ಹೊರಟ. ಬುದ್ಧಿ ಬೇಡವೆಂದರೂ ಕಾಲು ಕರೆದೊಯ್ದಿರಬೇಕು. ಸುನಂದಮ್ಮ ನೀರಿನ ಚೊಂಬು ಹಿಡಿದು ಹಿಂದೆ ಹೋದಳು. ಗದ್ದುಗೆಯ ಮುಂದೆ ಮರಮ್ಮ ದೀಪ ಹಚ್ಚುತ್ತಿದ್ದಳು. ಕಟ್ಟೆಯ ಮೇಲೆ ಊರಿನ ಗಂಡಸರು ಹರಟುತ್ತಿದ್ದರು. ಹಾರೆ ಹಿಡಿದು ನಿಂತ ದೇವರಾಜುವನ್ನು ನೋಡಿ ಹರಟೆ ನಿಂತಿತು.

"ಏನಪ್ಪ ದೇವರಾಜು, ಆರೆ?" ಎಂದಳು ಮರಮ್ಮ.

ಅವನು ಗಾರೆಯನ್ನು ನೋಡಿದ. ತಾನೇ ಸವರಿದ್ದು, ಬಿರುಕಿಲ್ಲದೆ, ಗಟ್ಟಿಯಾಗಿ. "ಇಲ್ಲೊಂದು ಹೂವಿನ ಗಿಡ ನೆಡಾನ ಅಂತ," ಎಂದ.

"ನೋಡ್ರಪ್ಪ, ಎಂಥ ಮನ್ಸು!" ಎಂದು ಮುದುಕಿ ಕೈ ಮುಗಿದಳು. ಯಾರೋ ಓಡಿಹೋಗಿ ತಮ್ಮ ಹಿತ್ತಲಿನಿಂದ ಕಣಗಿಲೆಯ ಕಡ್ಡಿ ಮುರಿದು ತಂದರು. ಎಲ್ಲರೂ ಸುತ್ತ ನಿಂತು ನೋಡುತ್ತಿರುವಾಗ ದೇವರಾಜು ಗದ್ದುಗೆಯ ಪಕ್ಕದ ಮಣ್ಣಿಗೆ ಹಾರೆ ಹಾಕಿದ. ಒಂದು ಗೇಣು ಅಗೆದ. ಸುನಂದಮ್ಮ ಚೊಂಬನ್ನು ಕೆಳಗಿಟ್ಟು ಗುಂಡಿಯೊಳಗೆ ಇಣುಕಿದಳು. ಅವಳಿಗೆ ಗೆದ್ದೆನೆಂಬ ಸಂತೋಷವಿರಲಿಲ್ಲ. ಈ ಮುಖದ ಎದುರಿಗೆ ಇನ್ನೂ ಎಷ್ಟು ವರ್ಷ ಅನ್ನ ಬಡಿಸಬೇಕೋ ಎಂಬ ವಾಕರಿಕೆಯಷ್ಟೇ ಇತ್ತು.

"ಸಾಕೇನ್ರೀ?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. "ಇನ್ನೂ ಆಳಕ್ಕೆ ಬೇಕಾ?"

ದೇವರಾಜು ಹಾರೆಯನ್ನು ಪಕ್ಕಕ್ಕಿಟ್ಟ.

"ಸಾಕು," ಎಂದ.